ಆಟಿ ಕಳೆಯಲಿ

ಮೂವತ್ತನಾಲ್ಕು ದಾಟಿದ ಹೆಂಗಸು ಶಾಲೆಗೆ ಸೇರುತ್ತೇನೆಂದು ಹೊರಟರೆ ಜನ ನಗುತ್ತಾರೆ. ಎದುರಿಗೇ ನಗುವವರಾದರೆ ಪುಣ್ಯವಂತರು ಅನ್ನಬೇಕು. ವನಜಾಕ್ಷಿಗೆ ಸಿಕ್ಕವರೆಲ್ಲ ಎದುರಿಗೆ "ಭಾರೀ ಒಳ್ಳೇದಾಯ್ತು" ಅಂದು, ಅವಳು ಮೆಟ್ಟಿಲಿಳಿದ ಮೇಲೆ ನಗುವ ಪೈಕಿ. ಕಲ್ಕತ್ತೆಯಲ್ಲಿ ನಮ್ಮ ಕರಾವಳಿಯವರು ಎಷ್ಟು ಮನೆ ಇದ್ದಾರೋ ಅಷ್ಟೂ ಮನೆಗಳಲ್ಲಿ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತು. ಹಾಗಾಗಿ ಆ ನಗು ಲೇಕ್ ಗಾರ್ಡನ್ಸ್‌ನಲ್ಲಿ ಹೊರಟು ಬಿಬಿಡಿ ಬಾಗ್‌ನ ಬ್ಯಾಂಕುಗಳನ್ನು ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅವಳೇನು ಕುಣಿಯಲು ಕಲಿಯುತ್ತೇನೆ ಅಂದಿರಲಿಲ್ಲ. ನರ್ಸ್ ಆಗುತ್ತೇನೆ ಅಂದಿದ್ದಳು, ಅಷ್ಟೆ.

ವನಜಾಕ್ಷಿ ಬ್ರಹ್ಮಾವರದ ಕಡೆಯವಳು. ಪಿಯುಸಿ ಮುಗಿಸಿ ಇನ್ನೂ ಓದಬೇಕು ಎನ್ನುವಷ್ಟರಲ್ಲಿ ಮುರಾರಿಗೆ ಕೊಟ್ಟು ಮದುವೆ ಮಾಡಿದರು. ಮುರಾರಿ ಲೇಕ್ ಗಾರ್ಡನ್ಸ್ ಸ್ಟೇಷನ್ ಹತ್ತಿರದ ಮಂಜಯ್ಯನವರ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಅವನ ಮಸಾಲೆ ದೋಸೆ ತಿನ್ನಲು ಬಂಗಾಲಿ ಬಾಬುಗಳು ರೈಲು ತಪ್ಪಿಸಿಕೊಳ್ಳುತ್ತಿದ್ದರು ಎಂದು ಮಂಜಯ್ಯ ಈಗಲೂ ಹೇಳುತ್ತಾರೆ. ಕೈ ಪಳಗಿದ ಅಡುಗೆಯವನಿಗೆ ಸ್ವಂತದ್ದು ಮಾಡುವ ಆಸೆ ಬಾರದಿದ್ದರೆ ಅವನು ಉಡುಪಿ ಕಡೆಯವನೇ ಅಲ್ಲ. ಸಾಲ್ಟ್ ಲೇಕಿನಲ್ಲಿ, ಕಚೇರಿಗಳ ಹತ್ತಿರ, ಒಂದು ಅಡುಗೆಮನೆ ಬಾಡಿಗೆಗೆ ಸಿಕ್ಕಿತು. ಸಿಕ್ಕಿದ್ದು ಆಟಿ ತಿಂಗಳಲ್ಲಿ. ಆಟಿ ಅಂದರೆ ನಮ್ಮ ಕಡೆ ಮದುವೆಯಿಲ್ಲ, ಮುಂಜಿಯಿಲ್ಲ, ಹೊಸ ಒಲೆ ಹಚ್ಚುವುದಿಲ್ಲ, ಹೊಸ ಮಾತು ಆಡುವುದೂ ಇಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಸಿಂಹ ಸಂಕ್ರಮಣ ಬರುವ ತನಕ, ದೇವರೂ ಬಾಗಿಲು ಹಾಕಿಕೊಂಡಿರುತ್ತಾನೆ ಎಂಬ ಲೆಕ್ಕ. ಮುರಾರಿ ಈ ಲೆಕ್ಕವನ್ನು ಬದಿಗಿಟ್ಟು ಒಲೆ ಹಚ್ಚಿದ. ವರ್ಷ ತುಂಬುವ ಮೊದಲೇ ಅವನಿಗೆ ಕಾಮಾಲೆ ಬಂತು. ಹೆಣವನ್ನು ಮನೆಯ ಮುಂದೆ ಮಲಗಿಸಿದ್ದಾಗ ವನಜಾಕ್ಷಿ ಎದೆ ಬಡಿದುಕೊಂಡು ಅತ್ತದ್ದು ಒಂದೇ ಮಾತು: "ಆಟಿಯಲ್ಲಿ ಬೇಡ, ಬೇಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ ಇವರು." ಬಂದವರೆಲ್ಲ ಕೇಳಿದರು. ಅವಳ ಪುಟ್ಟ ಮಗಳು ಮುಕ್ತಾಳನ್ನು ಎತ್ತಿಕೊಂಡು ನಿಂತಿದ್ದ ಮಂಜಯ್ಯ ಕೂಡ ಕೇಳಿದರು.

ಆಮೇಲೆ ಹೊಟ್ಟೆಪಾಡಿಗೆ ಅವಳು ಹಿಡಿದದ್ದು ಆಯಾ ಕೆಲಸ. ಗರಿಯಾಹಾಟ್ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೆರಡು ಗಂಟೆಯ ಪಾಳಿ. ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಹಿಡಿಯುವುದು, ಗಂಜಿ ಕುಡಿಸುವುದು. ಹೋದ ದಿನ ಕೂಲಿ, ಹೋಗದ ದಿನ ಇಲ್ಲ. ಅಲ್ಲಿ ಅವಳಿಗೆ ಹೆಸರಿರಲಿಲ್ಲ. ಎಲ್ಲ ಆಯಾಗಳ ಹಾಗೆ ಅವಳೂ "ಮಾಸಿ". ಅವಳಿಗಿಂತ ಹದಿನೈದು ವರ್ಷ ದೊಡ್ಡವರೂ ಅವಳನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅವಳಿಗೆ ಕೆಲಸದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಆ ಕೆಲಸಕ್ಕೆ ಮುಂದೆ ದಾರಿಯೇ ಇಲ್ಲದ್ದರ ಮೇಲೆ. ಮುದುಕಿಯಾಗುವವರೆಗೂ ಮಾಸಿ, ಬೆನ್ನು ಮುರಿದ ದಿನ ಮನೆಗೆ. ಹನ್ನೆರಡು ವರ್ಷದ ಮುಕ್ತಾಳನ್ನು ಆ ಕೂಲಿಯಲ್ಲಿ ಎಲ್ಲಿಯವರೆಗೆ ಓದಿಸುವುದು?

ದಾರಿ ತೋರಿಸಿದವರು ಅಲ್ಲಿಯ ಮೇಟ್ರನ್ ಮಿನತಿ ದೀದಿ. ಬೈಪಾಸ್ ರಸ್ತೆಯ ಆಚೆಗಿನ ಒಂದು ಖಾಸಗಿ ನರ್ಸಿಂಗ್ ಶಾಲೆಯಲ್ಲಿ ಮೂವತ್ತೈದು ತುಂಬದವರನ್ನು ತೆಗೆದುಕೊಳ್ಳುತ್ತಾರೆ, ನಿನಗೆ ಇದೇ ಕೊನೆಯ ವರ್ಷ, ಅರ್ಜಿ ಹಾಕು ಅಂದರು. ಬರುವ ದೀಪಾವಳಿಗೆ ಅವಳಿಗೆ ಮೂವತ್ತೈದು. ಅರ್ಜಿ ಹಾಕಿದಳು, ಸಂದರ್ಶನಕ್ಕೆ ಹೋದಳು, ಆಯ್ಕೆಯೂ ಆದಳು. ಆಯ್ಕೆಯಾದ ಸುದ್ದಿ ಕೇಳಿ ಮುಕ್ತಾ ಹಾಸಿಗೆಯ ಮೇಲೆ ಕುಣಿದಳು.

"ಸಚ್ಚೀ, ಅಮ್ಮ? ಬಿಳಿ ಯೂನಿಫಾರ್ಮ್ ಹಾಕ್ತೀಯಾ? ನಿಂಗೂ ಹೋಮ್‌ವರ್ಕ್ ಇರ್ತದೆ?"

"ಇರ್ತದೆ. ನೀನೇ ಹೇಳಿಕೊಡ್ಬೇಕು ಮತ್ತೆ."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ವನಜಾಕ್ಷಿಗೆ ಹಲ್ಲೂ ಇತ್ತು, ಕಡಲೆಯೂ ಕಾಣುತ್ತಿತ್ತು. ಕೊಳ್ಳಲು ದುಡ್ಡು ಮಾತ್ರ ಇರಲಿಲ್ಲ. ಮೂರು ವರ್ಷದ ಫೀಸು, ಅದರ ಮೇಲೆ ಸಮವಸ್ತ್ರ, ಪುಸ್ತಕ. ಆಯಾ ಕೂಲಿಯವಳು ಕನಸಿನಲ್ಲಿ ಕೂಡಿಸಿದರೂ ಕೂಡದ ಮೊತ್ತ.

ಮೊದಲು ಹೋದದ್ದು ನಮ್ಮವರದ್ದೇ ಒಂದು ಸಂಘಕ್ಕೆ. ಸಂಘದಲ್ಲಿ ವಿದ್ಯಾನಿಧಿ ಎಂಬುದೊಂದಿತ್ತು. ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ, ಹಾರ ಹಾಕಿ, ಮಕ್ಕಳಿಗೆ ಲಕೋಟೆ ಕೊಟ್ಟು ಫೋಟೋ ತೆಗೆಸಿಕೊಳ್ಳುವ ನಿಧಿ. ಅಧ್ಯಕ್ಷರಾದ ವಿಷ್ಣುಮೂರ್ತಿ ಅವಳ ಮಾತನ್ನೆಲ್ಲ ಕೇಳಿ, ಕನ್ನಡಕ ಒರೆಸಿ, "ಅಲ್ಲಮ್ಮಾ, ಇದು ವಿದ್ಯಾರ್ಥಿಗಳಿಗೆ" ಅಂದರು.

"ನಾನೂ ವಿದ್ಯಾರ್ಥಿಯೇ ಆಗುದು ಈಗ."

"ಹಾಗಲ್ಲ. ಮಕ್ಕಳಿಗೆ ಅಂತ. ನಿಮ್ಮ ಮಗಳು ಎಸ್‌ಎಸ್‌ಎಲ್‌ಸಿಗೆ ಬರ್ಲಿ, ನಾನೇ ಮುಂದೆ ನಿಂತು ಕೊಡಿಸ್ತೇನೆ. ನಿಮ್ಮನ್ನು ವೇದಿಕೆಗೆ ಕರೆದ್ರೆ ಜನ ಎಂತ ಹೇಳಿಯಾರು?"

ಜನ ಏನೂ ಹೇಳುತ್ತಿರಲಿಲ್ಲ, ಊಟಕ್ಕೆ ಏನಿದೆ ಎಂದು ನೋಡುತ್ತಿದ್ದರು. ಇದನ್ನು ಅಧ್ಯಕ್ಷರಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಆಮೇಲೆ ಬೀದಿಯ ಪಾರ್ಟಿ ಆಫೀಸು. ಕೆಂಪು ಬಾವುಟದವರು ರಾಜ್ಯ ಆಳಲು ಶುರುಮಾಡಿ ಕಾಲು ಶತಮಾನವಾಗಿತ್ತು. ಕಲ್ಕತ್ತೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಎಲ್ಲಕ್ಕೂ ಮೊದಲು ಅಲ್ಲಿಗೇ ಹೋಗಬೇಕು. ಎಲ್ಲರೂ ದಾದಾ, ಅಂದರೆ ಅಣ್ಣ, ಎನ್ನುವ ಅಲ್ಲಿಯ ಮುಖಂಡ ಮರ್ಯಾದಸ್ಥ, ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಕೊಟ್ಟ, ದುಡಿಯುವ ಹೆಂಗಸರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದ, ಸಾಲ್ಟ್ ಲೇಕಿನ ಒಂದು ಸರ್ಕಾರಿ ಕಚೇರಿಗೆ ಕಾಗದ ಬರೆದುಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಚೇರಿಯ ಬಾಬು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ವಿಧವೆಯರಿಗೆ ಹೊಲಿಗೆ ತರಬೇತಿ ಇದೆ, ಬೇಕಿದ್ದರೆ ಮಿಷನ್ ಕೂಡ ಸಿಗುತ್ತದೆ, ನರ್ಸಿಂಗ್ ಇಲ್ಲ ಅಂದ. ಬಸ್ಸಿನಲ್ಲಿ ಬರುವಾಗ ಅವಳು ಮುರಾರಿ ಒಲೆ ಹಚ್ಚಿದ್ದ ಆ ಬೀದಿಯನ್ನು ದಾಟಬೇಕಿತ್ತು. ಕಿಟಕಿಯಿಂದ ಮುಖ ತಿರುಗಿಸಿ ಕೂತಳು. ಅತ್ತಳು ಕೂಡ, ಸುಮ್ಮನೆ ಏಕೆ ಮುಚ್ಚಿಡುವುದು.

ಕೊನೆಗೆ ಉಳಿದದ್ದು ಬ್ಯಾಂಕು. ಬಿಬಿಡಿ ಬಾಗ್‌ನಲ್ಲಿ ನಮ್ಮ ಕಡೆಯ ಒಂದು ಬ್ಯಾಂಕಿನ ಶಾಖೆಯಿತ್ತು, ಅಲ್ಲಿ ಶಾಂತಾರಾಮ ಎಂಬ ಆಫೀಸರು. ಶಿಕ್ಷಣ ಸಾಲ ಆಗ ಹೊಸತು. ಇಂಜಿನಿಯರಿಂಗ್ ಹುಡುಗರು ಅಪ್ಪಂದಿರ ಜೊತೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಫಾರಮ್ಮಿನಲ್ಲಿ ವಿದ್ಯಾರ್ಥಿಯ ತಂದೆ ಅಥವಾ ತಾಯಿ ಸಹಿ ಹಾಕಬೇಕಾದ ಜಾಗ ನೋಡಿ ವನಜಾಕ್ಷಿ, "ಸರ್, ತಾಯಿ ಅಂದ್ರೆ ನಾನೇ ಅಲ್ವಾ?" ಎಂದು ಕೇಳಿದಳು. ಶಾಂತಾರಾಮರಿಗೆ ನಗು ಬಂತು. ಈ ನಗು ಮಾತ್ರ ಎದುರಿಗೇ ಬಂತು, ಅದಕ್ಕೇ ಅವಳಿಗೆ ಆ ಮನುಷ್ಯ ಇಷ್ಟವಾದರು.

"ನೋಡಿ ವನಜಾಕ್ಷಿ, ವಯಸ್ಸಿನ ಬಗ್ಗೆ ಸರ್ಕ್ಯುಲರಿನಲ್ಲಿ ಎಂತದೂ ಇಲ್ಲ. ಹಾಗಾಗಿ ಕೊಡ್ಬಹುದು. ಆದ್ರೆ ನಿಮಗೆ ಅಪ್ಪ ಇಲ್ಲ, ಗಂಡ ಇಲ್ಲ, ತಿಂಗಳ ಸಂಬಳ ಇಲ್ಲ. ಇಲ್ಲಿ ವ್ಯಾಪಾರ ಇರುವ ಒಬ್ಬರು ಜಾಮೀನು ನಿಲ್ಬೇಕು. ನಾನು ಬ್ಯಾಂಕಿನವನು, ನನಗೆ ನಿಲ್ಲಿಕ್ಕೆ ಆಗುದಿಲ್ಲ. ಒಬ್ಬರನ್ನು ತನ್ನಿ, ಉಳಿದದ್ದು ನನಗೆ ಬಿಡಿ."

ಕಂಡವರಿಗೆ ಜಾಮೀನು ನಿಲ್ಲುವವರು ಯಾರು? ಇಬ್ಬರು ಹೋಟೆಲಿನವರು ಹೆಂಡತಿಯನ್ನು ಕೇಳಬೇಕು ಅಂದರು. ಜೀವಮಾನದಲ್ಲಿ ಹೆಂಡತಿಯನ್ನು ಏನನ್ನೂ ಕೇಳಿದವರಲ್ಲ. ಮಂಜಯ್ಯ ಮಾತ್ರ ಕೇಳಿದ ಕೂಡಲೇ, "ಅದಕ್ಕೆಂತ, ಕಾಗದ ಬರ್ಲಿ, ಹಾಕುವ" ಅಂದರು. ಎಷ್ಟು, ಏನು ಎಂದೂ ಕೇಳಲಿಲ್ಲ. ಮುರಾರಿ ತಮ್ಮ ಹೋಟೆಲು ಬಿಟ್ಟು ಹೋದಾಗ ನಾಲ್ಕು ದಿನ ಮಾತು ಬಿಟ್ಟಿದ್ದ ಮನುಷ್ಯ, ಮುರಾರಿ ಸತ್ತ ಮೇಲೆ ಪ್ರತಿ ಹಬ್ಬಕ್ಕೂ ಮುಕ್ತಾಳಿಗೆ ಬಟ್ಟೆ ಕಳಿಸುವವರು. ವನಜಾಕ್ಷಿ ಅವರನ್ನು ಅಣ್ಣ ಅನ್ನುತ್ತಿದ್ದಳು. ಒಡಹುಟ್ಟಿದವನಿಗಿಂತ ಹೆಚ್ಚೇ.

ಅವರು ಹಾಗೆ ಅಂದದ್ದು ಜೂನ್ ತಿಂಗಳಲ್ಲಿ. ಶಾಲೆಯವರು ಆಯ್ಕೆಯ ಪತ್ರವನ್ನು ಅಚ್ಚು ಹಾಕಿಸಿ ಕಳಿಸುವಷ್ಟರಲ್ಲಿ, ಬ್ಯಾಂಕಿನ ಕಾಗದ ಸಿದ್ಧವಾಗುವಷ್ಟರಲ್ಲಿ, ಆಟಿ ಬಂದು ಕೂತಿತ್ತು.

ಆಟಿ ಅಮಾವಾಸ್ಯೆಯ ದಿನ ನಮ್ಮ ಕಡೆ ಬರಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ವರ್ಷದ ರೋಗವೆಲ್ಲ ಇಳಿಯುತ್ತದೆ ಎಂದು ನಂಬಿಕೆ. ಈ ಊರಿನಲ್ಲಿ ಹಾಲೆ ಮರಕ್ಕೆ ಬರಗಾಲವಿಲ್ಲ. ಬಂಗಾಲಿಗಳು ಅದನ್ನು ಛಾತಿಮ್ ಅನ್ನುತ್ತಾರೆ, ಹೂವಿನ ವಾಸನೆಗೆ ಮರುಳಾಗುತ್ತಾರೆ, ತೊಗಟೆಯ ಗೊಡವೆಗೆ ಹೋಗುವುದಿಲ್ಲ. ಮಂಜಯ್ಯ ವರ್ಷವೂ ನಸುಕಿನಲ್ಲಿ ಕೆರೆಯ ದಂಡೆಯ ಮರದ ಬುಡಕ್ಕೆ ಹೋಗಿ, ಕಬ್ಬಿಣ ಮುಟ್ಟಿಸಬಾರದೆಂದು ಕಲ್ಲಿನಲ್ಲೇ ತೊಗಟೆ ಜಜ್ಜಿ ತರುತ್ತಿದ್ದರು. ಒಂದು ವರ್ಷ ಕಾವಲಿನವನು ಹಿಡಿದು, ಮರ ಕದಿಯುತ್ತೀಯಾ ಎಂದು ಗದರಿಸಿದ್ದನಂತೆ. ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ ಕಾಯಿಸಿದ ಆ ಕಹಿಯನ್ನು ಸುತ್ತಲಿನ ನಮ್ಮವರೆಲ್ಲ ಅವರ ಹೋಟೆಲಿನ ಹಿಂಬದಿಗೆ ಬಂದು ಕುಡಿದು ಹೋಗುತ್ತಿದ್ದರು. ಆ ದಿನ ಬೆಳಿಗ್ಗೆ ವನಜಾಕ್ಷಿಯೂ ಹೋದಳು. ಸೆರಗಿನ ಕೆಳಗೆ ಬ್ಯಾಂಕಿನ ಕಾಗದವಿತ್ತು.

ಅಮಾವಾಸ್ಯೆಗೇ ಏಕೆ ಹೋದಳು ಎಂದು ಕೇಳಬಹುದು. ಸಂಜೆ ಹೋಟೆಲಿನಲ್ಲಿ ಗದ್ದಲ, ಬೇರೆ ದಿನ ಬೆಳಿಗ್ಗೆ ಪಾಳಿ ತಪ್ಪಿಸಿದರೆ ಕೂಲಿ ಹೋಗುತ್ತಿತ್ತು. ಅಂದು ಕಷಾಯದ ನೆಪಕ್ಕೆ ಮಿನತಿ ದೀದಿ ಒಂದು ಗಂಟೆ ತಡವಾಗಿ ಬರಲು ಒಪ್ಪಿದ್ದರು.

ಮಂಜಯ್ಯ ಕಷಾಯದ ಲೋಟ ಕೊಟ್ಟರು. ಅವಳು ಉಸಿರು ಕಟ್ಟಿ ಕುಡಿದಳು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಕಾಗದ ತೆಗೆದಳು.

"ಬಂತಾ!" ಮಂಜಯ್ಯ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು, ಜೇಬಿನ ಪೆನ್ನಿಗೆ ಕೈ ಹಾಕಿದರು. ಆಮೇಲೆ ಅವಳ ಮುಖ ನೋಡಿದರು. ಕೈ ಜೇಬಿನಲ್ಲೇ ಉಳಿಯಿತು.

"ಆಟಿ ಅಲ್ವಾ ವನಜಾ," ಅಂದರು.

"ಹೌದಣ್ಣ. ಆಟಿ."

"ಅಮಾವಾಸ್ಯೆ ಬೇರೆ."

"ಹೌದು."

"ಕಳೀಲಿ ಅಂತೀಯಾ? ಸಂಕ್ರಮಣದ ದಿವಸ ಬೆಳಿಗ್ಗೆ ನಾನೇ ನಿನ್ನ ಮನೆಗೆ ಬಂದು ಹಾಕ್ತೇನೆ."

ಇಲ್ಲ ಅಣ್ಣ, ಅಷ್ಟು ದಿನ ಕಾಯಲಿಕ್ಕೆ ಆಗುವುದಿಲ್ಲ, ಈಗಲೇ ಹಾಕಿ ಎಂದು ಹೇಳಬೇಕಿತ್ತು. ಹಣದ ಖಾತ್ರಿಯ ಪತ್ರವನ್ನು ಸ್ವಾತಂತ್ರ್ಯ ದಿನದ ಮೊದಲೇ ಕೊಡಬೇಕೆಂದು ಶಾಲೆಯವರು ಬರೆದಿದ್ದರು, ಸಂಕ್ರಮಣ ಅದರ ಆಚೆಗೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈಯೊಡ್ಡಿ ನಿಂತವಳು, ಕೊಡುವವರಿಗೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳುವುದುಂಟೇ? ಅಷ್ಟೇ ಆಗಿದ್ದರೆ ಹೇಳಿಯೇ ಬಿಡುತ್ತಿದ್ದಳೇನೋ. ಅದರ ಹಿಂದೆ ಇನ್ನೊಂದಿತ್ತು. ಆಟಿ ಎಂಬ ಮಾತು ಕೇಳಿದ ಕೂಡಲೇ ಅವಳ ಕಣ್ಣಿಗೆ ಕಂಡದ್ದು ಮುರಾರಿಯ ಹಳದಿ ಕಣ್ಣು. ರೋಗಕ್ಕೆ ತಿಂಗಳಿಲ್ಲ ಎಂದು ನರ್ಸಿಂಗ್ ಹೋಮಿನಲ್ಲಿ ದಿನಾ ನೋಡುವವಳು, ಮುಕ್ತಾಳ ತಲೆಯ ಮೇಲೆ ಕೈಯಿಟ್ಟು ಅದನ್ನೇ ಹೇಳು ಎಂದರೆ ಹೇಳಲಾರಳು.

"ಕಳೀಲಿ ಅಣ್ಣ," ಅಂದಳು.

ಹೇಳಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಆಯಿತು. ಇದನ್ನು ಅವಳು ಯಾರಿಗೂ ಹೇಳಿಲ್ಲ.

ಶಾಂತಾರಾಮ ಸಿಟ್ಟಾದರು. "ಆಟಿಯಾ? ಹೆಡ್ ಆಫೀಸಿನವರೂ ನಮ್ಮೂರಿನವರೇ, ಅವರೂ ಮನೆಯಲ್ಲಿ ಕಷಾಯ ಕುಡೀತಾರೆ. ಆದ್ರೆ ಸರ್ಕ್ಯುಲರಿಗೆ ಆಟಿ ಇಲ್ಲ ಮಾರಾಯ್ರೇ! ಆಟಿ ಮುಗಿದ ಕೂಡ್ಲೇ ಈ ಬಂಗಾಲಿಗಳಿಗೆ ಭಾದ್ರೊ ಶುರು, ಅದೂ ಕೆಟ್ಟ ತಿಂಗಳೇ. ಎರಡೂ ಊರಿನ ತಿಂಗಳು ನೋಡ್ತಾ ಕೂತ್ರೆ ನೀವು ನರ್ಸ್ ಆಗುದಿಲ್ಲ, ಪೇಶೆಂಟ್ ಆಗ್ತೀರಿ. ಹೋಗಿ ಸಹಿ ತನ್ನಿ."

ಅವಳು ಸಹಿ ತರುವ ಬದಲು ನರ್ಸಿಂಗ್ ಶಾಲೆಗೆ ಹೋದಳು. ಕೆಲವು ದಿನ ತಡವಾದರೆ ನಡೆಯುತ್ತದೆಯೇ ಎಂದು ಕೇಳಿದಳು. ಗುಮಾಸ್ತ ಕೆಟ್ಟವನಲ್ಲ. ಪ್ರತಿ ವರ್ಷ ಒಂದೆರಡು ಹುಡುಗಿಯರು ಬರುವುದೇ ಇಲ್ಲ ದೀದಿ, ತಿಂಗಳ ಕೊನೆಯವರೆಗೂ ಸೀಟು ಖಾಲಿ ಬಿದ್ದಿರುತ್ತದೆ, ನೋಡೋಣ ಅಂದ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಆ "ನೋಡೋಣ" ಎಂಬುದನ್ನು ಅವಳು ಮನೆಯವರೆಗೆ ಜೋಪಾನವಾಗಿ ತಂದಳು, ಮುಕ್ತಾಳಿಗೂ ಹೇಳಿದಳು, ರಾತ್ರಿ ಅದನ್ನೇ ಹೊದ್ದು ಮಲಗಿದಳು.

ಮುಕ್ತಾಳಿಗೆ ಮಾತ್ರ ಸಮಾಧಾನವಿರಲಿಲ್ಲ. "ಅಮ್ಮ, ಮಾವನಿಗೆ ಬೋಲೋ ನಾ. ಈಗ್ಲೇ ಹಾಕಿ ಅಂತ."

"ದೊಡ್ಡವರಿಗೆ ಹಾಗೆಲ್ಲ ಹೇಳ್ಬಾರ್ದು."

"ಯಾಕೆ?"

ಯಾಕೆ ಎಂಬುದಕ್ಕೆ ನಮ್ಮಲ್ಲಿ ಯಾವ ಅಮ್ಮನೂ ಉತ್ತರ ಕೊಟ್ಟಿಲ್ಲ, ವನಜಾಕ್ಷಿಯೂ ಕೊಡಲಿಲ್ಲ. ಆದರೆ ಗಡುವಿನ ಹಿಂದಿನ ದಿನ ಸಂಜೆ ಪಾಳಿ ಮುಗಿಸಿ ಹೋಟೆಲಿನ ತನಕ ಹೋದಳು. ಒಂದೇ ಮಾತು ಹೇಳಿ ಬರುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ರೈಲು ಇಳಿದವರ ಗದ್ದಲ. ಗಲ್ಲಾದಲ್ಲಿದ್ದ ಮಂಜಯ್ಯ ಅವಳನ್ನು ಕಂಡು, "ಬಾ ವನಜಾ, ಕೂತ್ಕೋ, ಕಾಫಿ ಕುಡಿ" ಎಂದು ಕೂಗಿದರು. ಕಾಫಿ ಬಂತು. ಅವರು ಚಿಲ್ಲರೆ ಎಣಿಸುತ್ತ ಮಧ್ಯೆ ಮಧ್ಯೆ ಅವಳ ಕಡೆ ನೋಡುತ್ತಿದ್ದರು, ಅವಳು ಏನೋ ಹೇಳಲಿ ಎಂದು ಕಾಯುವವರ ಹಾಗೆ. ಅವಳಿಗೆ ಅದು ಬೇರೆ ಥರ ಕಂಡಿತು. ಮತ್ತೆ ಅದೇ ಕೇಳಲು ಬಂದಳೇ ಎಂದು ಬೇಸರವಾಗಿರಬೇಕು ಅಂದುಕೊಂಡಳು. ಕಾಫಿ ಕುಡಿದು, ಲೋಟ ತೊಳೆಯುವ ಜಾಗದಲ್ಲಿಟ್ಟು, "ಬರ್ತೇನೆ ಅಣ್ಣ" ಎಂದು ಹೊರಟುಬಂದಳು. ಗಡುವು ಮಾರನೆಯ ದಿನ ತನ್ನ ಪಾಡಿಗೆ ದಾಟಿತು.

ಸ್ವಾತಂತ್ರ್ಯ ದಿನ ರಜೆ. ಅದು ಕಳೆದು ಸಂಕ್ರಮಣದ ಹಿಂದಿನ ದಿನ ಅವಳು ನರ್ಸಿಂಗ್ ಶಾಲೆಗೆ ಹೋದಳು. ಅಂಗಳದ ತುಂಬ ತಗಡಿನ ಪೆಟ್ಟಿಗೆಗಳು, ಸುತ್ತಿದ ಹಾಸಿಗೆಗಳು, ಅವುಗಳ ಪಕ್ಕ ಬೆವರು ಒರೆಸಿಕೊಳ್ಳುವ ಅಪ್ಪಂದಿರು. ಹುಡುಗಿಯರು ಹದಿನೇಳು ಹದಿನೆಂಟರವರು. ಒಬ್ಬಳಂತೂ ಮನೆ ಬಿಟ್ಟು ಬಂದದ್ದಕ್ಕೆ ಮುಕ್ತಾಳ ಹಾಗೆ ಮೂಗು ಸೇದುತ್ತ ಅಳುತ್ತಿದ್ದಳು. ವನಜಾಕ್ಷಿ ಅವಳ ಬೆನ್ನು ಸವರಿ ಒಳಗೆ ಹೋದಳು.

ಗುಮಾಸ್ತ ಅವಳನ್ನು ಕಂಡು ಎದ್ದು ನಿಂತ. ಈ ವರ್ಷ ಎಲ್ಲರೂ ಬಂದುಬಿಟ್ಟರು ದೀದಿ, ಅಂದ. ಖಾಲಿ ಉಳಿದದ್ದು ನಿಮ್ಮದೊಂದೇ. ಕಾಯುವ ಪಟ್ಟಿಯವಳಿಗೆ ಇವತ್ತು ಬೆಳಿಗ್ಗೆ ಕೊಟ್ಟೆವು. ನೀವು ಮೊನ್ನೆಯಾದರೂ ಒಂದು ಫೋನು ಮಾಡಿದ್ದರೆ ಹಿಡಿದಿಡುತ್ತಿದ್ದೆ. ಬರುವ ವರ್ಷ ಖಂಡಿತ ಬನ್ನಿ, ಎನ್ನುತ್ತ ಅವಳ ಅರ್ಜಿ ತೆಗೆದು ಜನ್ಮದಿನಾಂಕ ನೋಡಿದ. ನೋಡಿ, ಅದನ್ನು ಮೆಲ್ಲಗೆ ಮಡಚಿ ಅವಳ ಕೈಗೆ ಕೊಟ್ಟ. ಹೊರಗೆ ಬೆನ್ನು ಸವರಿಸಿಕೊಂಡ ಹುಡುಗಿ ಇನ್ನೂ ಅಲ್ಲೇ ಇದ್ದಳು. ಕಾಯುವ ಪಟ್ಟಿಯವಳು ಇವಳೇ ಇರಬಹುದೇ ಎಂದು ವನಜಾಕ್ಷಿಗೆ ಅನ್ನಿಸಿತು. ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದು ಯಾರ ಬಾಯಿಗೆ ಹೋಯಿತೆಂದು ತಿಳಿದು ಆಗಬೇಕಾದ್ದೇನು?

ಸಂಕ್ರಮಣದ ಬೆಳಿಗ್ಗೆ ಅವಳು ಪಾಳಿಗೆ ಹೊರಡಲು ತಲೆ ಬಾಚುತ್ತಿದ್ದಾಗ ಮಂಜಯ್ಯ ಬಂದರು. ಸ್ನಾನ ಮಾಡಿ, ಗಂಧವಿಟ್ಟು, ಮಡಿಸಿದ ಬಿಳಿ ಪಂಚೆ ಉಟ್ಟಿದ್ದರು. ಒಂದು ಕೈಯಲ್ಲಿ ತೆಂಗಿನಕಾಯಿ, ಹೂವು. ಇನ್ನೊಂದು ಕೈಯಲ್ಲಿ ಅವರ ಹೆಂಡತಿ ಸುಗುಣಾ ಕಳಿಸಿದ ಕಡುಬಿನ ಡಬ್ಬಿ. ಹೋಟೆಲಿನ ಬೆಳಗಿನ ವ್ಯಾಪಾರ ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ. ಅಂಥವರು ಬಾಗಿಲ ಹೊರಗೆ ಚಪ್ಪಲಿ ಕಳಚಿ, ಮದುವೆ ಮನೆಗೆ ಬಂದವರ ಹಾಗೆ ನಗುತ್ತ ಒಳಗೆ ಬಂದರು.

"ತಾ ಕಾಗದ. ಆಟಿ ಹೋಯ್ತು, ಪೀಡೆ ಹೋಯ್ತು."

ವನಜಾಕ್ಷಿ ಬಾಯಿ ತೆರೆದಳು. ಅವಳಿಗೆ ಬೇಕಾದಾಗ ಮಾತು ಬಂದದ್ದು ಯಾವತ್ತು? ಪೆಟ್ಟಿಗೆಯಿಂದ ಕಾಗದ ತೆಗೆದು ಕೊಟ್ಟಳು. ಮಂಜಯ್ಯ ಪೂರ್ವಕ್ಕೆ ಮುಖ ಮಾಡಿ ಚಾಪೆಯ ಮೇಲೆ ಕೂತರು, ಹೂವನ್ನು ಕಾಗದಕ್ಕೆ ಮುಟ್ಟಿಸಿ ಪಕ್ಕಕ್ಕಿಟ್ಟರು, ಎಲ್ಲೆಲ್ಲಿ ಗುರುತು ಹಾಕಿತ್ತೋ ಅಲ್ಲೆಲ್ಲ ಒಂದೊಂದಾಗಿ, ಅಕ್ಷರ ಕೆಡದ ಹಾಗೆ, ಸಹಿ ಹಾಕಿದರು. ಆಮೇಲೆ ತಲೆಯೆತ್ತಿ, "ಆಯ್ತು. ಇನ್ನು ನಿನ್ನನ್ನು ತಡೆಯುವವರು ಯಾರೂ ಇಲ್ಲ" ಅಂದರು.

ಮುಕ್ತಾ ಶಾಲೆಯ ಚೀಲ ಹೆಗಲಿಗೇರಿಸಿ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ.

"ಮಾವ, ಸೀಟ್ ಇಲ್ಲ. ಕಲ್ ಹೀ ಬೇರೆ ಹುಡುಗಿಗೆ ಕೊಟ್ರು."

ಮಂಜಯ್ಯ ಮುಕ್ತಾಳನ್ನು ನೋಡಿದರು, ವನಜಾಕ್ಷಿಯನ್ನು ನೋಡಿದರು. "ಎಂತ ಹೇಳ್ತದೆ ಇದು?"

"ಹೌದಣ್ಣ. ದಿನ ದಾಟಿತ್ತು."

"ಹಾಗಾದ್ರೆ ಬರುವ ವರ್ಷ..."

"ಬರುವ ವರ್ಷ ನಂಗೆ ವಯಸ್ಸು ದಾಟ್ತದೆ."

ಮನೆಯ ಹಿಂದಿನ ಹಳಿಯ ಮೇಲೆ ರೈಲು ಹೋಯಿತು, ಎಂದಿನ ಹಾಗೆ ಪಾತ್ರೆಗಳು ನಡುಗಿದವು. ಆಮೇಲೆ ಮಂಜಯ್ಯನವರ ದನಿ ಬಂತು, ಸಿಟ್ಟೋ ಸಂಕಟವೋ ತಿಳಿಯದ ದನಿ.

"ದಿನ ದಾಟ್ತದೆ ಅಂತ ನೀನು ಆವತ್ತೇ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?"

"ಆಟಿ ಕಳೀಲಿ ಅಂತ ನೀವೇ ಅಲ್ವಾ ಹೇಳಿದ್ದು?"

"ನಾನು ಹೇಳಿದ್ದಾ? ನಾನು ಕೇಳಿದ್ದು! ನಿನ್ನ ಮುಖ ನೋಡಿ ಕೇಳಿದ್ದು. ನಂಗೆ ಎಂತ ಆಟಿ? ಈ ಹೋಟ್ಲಿನ ಬೀಗದ ಕೈ ನಾನು ತಕ್ಕೊಂಡದ್ದೇ ಆಟಿಯಲ್ಲಿ. ಮೂವತ್ತು ವರ್ಷ ಆಯ್ತು, ದೇವರು ನಡೆಸಿಕೊಂಡು ಬಂದಿದ್ದಾನೆ. ಮುರಾರಿ ಹೋದ ದಿವಸ ನೀನು ಅತ್ತದ್ದು ನನ್ನ ಕಿವಿಯಲ್ಲಿ ಈಗ್ಲೂ ಉಂಟು ವನಜಾ. ನಾನು ಆಟಿಯಲ್ಲಿ ಸಹಿ ಹಾಕಿ, ನಾಳೆ ನಿಂಗೋ ಈ ಮಗುವಿಗೋ ಎಂತಾದ್ರೂ ಆದ್ರೆ, ಅಣ್ಣ ಹಾಕಿದ್ರಿಂದ ಆಯ್ತು ಅಂತ ನೀನು ಜೀವಮಾನ ಕೊರಗ್ತಿ ಅಂತ ಹೆದರಿದೆ. ನಿನಗಾಗಿ ತಡೆದು ನಿಂತದ್ದು ನಾನು. ಒಂದು ಮಾತು, ಹಾಕಿ ಅಣ್ಣ ಅಂತ ಒಂದು ಮಾತು ನೀನು ಹೇಳಿದ್ದಿದ್ರೆ, ಆ ಕಷಾಯದ ಕೈಯಲ್ಲೇ ಹಾಕ್ತಿದ್ದೆ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಮ್ಮವರು ಅದಕ್ಕಿಂತ ಒಂದು ಕೈ ಮೇಲು. ಬಾಗಿಲ ಆಚೆ ಒಬ್ಬರು, ಈಚೆ ಒಬ್ಬರು ನಿಂತು, ನೀವು ಹೇಳಿ ನೀವು ಹೇಳಿ ಎಂದು ಮರ್ಯಾದೆ ಮಾಡುತ್ತಿರುವಾಗಲೇ ಕೊಳ್ಳೆ ಮುಗಿದಿರುತ್ತದೆ.

ವನಜಾಕ್ಷಿಗೆ ಮಂಜಯ್ಯನವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅನ್ನಿಸಿತು. ಸಿಟ್ಟು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸಂಘದವರ ಮೇಲೆ, ಹೊಲಿಗೆ ಮಿಷನ್ ಕೊಡುತ್ತೇನೆಂದ ಬಾಬುವಿನ ಮೇಲೆ, ಬೆನ್ನ ಹಿಂದೆ ನಕ್ಕವರೆಲ್ಲರ ಮೇಲೆ ಹಾಕಬಹುದಾದ ತಪ್ಪನ್ನು ಇವರೊಬ್ಬರ ಮೇಲೆ ಹಾಕಲು ಹುಡುಕಿದಳು. ಆಗಲಿಲ್ಲ. ಅವರು ಕೇಳಿದ್ದರು, ಅದು ನಿಜ. "ಕಳೀಲಿ" ಎಂದದ್ದು ಅವಳೇ. ಅಂದು ಎದೆಯ ಮೇಲಿಂದ ಇಳಿದ ಕಲ್ಲು ಆಟಿಯದ್ದು ಮಾತ್ರ ಆಗಿರಲಿಲ್ಲ ಎಂಬುದೂ ಈಗ ಅವಳಿಗೆ ಗೊತ್ತಾಯಿತು. ಹದಿನೇಳರ ಹುಡುಗಿಯರ ನಡುವೆ ಬೆಂಚಿನ ಮೇಲೆ ಕೂರುವ ಹೆದರಿಕೆ, ಇಂಗ್ಲಿಷಿನ ಹೆದರಿಕೆ, ನಪಾಸಾದರೆ ಅಣ್ಣನ ತಲೆಗೆ ಸಾಲ ಬರುವ ಹೆದರಿಕೆ, ಎಲ್ಲಕ್ಕೂ ಆಟಿ ಒಂದು ಒಳ್ಳೆಯ ಹೆಸರಾಗಿ ಒದಗಿತ್ತು. ದುಡ್ಡು ಕೊಡುವವರನ್ನು ಹುಡುಕಿ ಇಷ್ಟೆಲ್ಲ ಬಾಗಿಲು ತಟ್ಟಿದವಳು, ಕೊನೆಯ ಬಾಗಿಲು ತೆರೆದಾಗ ತಾನೇ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದಳು. ಇದಕ್ಕೆ ಯಾವ ಸಂಕ್ರಮಣ ಬಂದರೂ ಪರಿಹಾರವಿಲ್ಲ.

"ನಿಮ್ಮದೇನೂ ತಪ್ಪಿಲ್ಲ ಅಣ್ಣ," ಅಂದಳು.

"ನಿಂದು ತಪ್ಪು ಅಂತ ನಾನು ಹೇಳ್ಲಿಲ್ಲ," ಅಂದರು ಮಂಜಯ್ಯ. ಅವರ ಕಣ್ಣಲ್ಲಿ ನೀರಿತ್ತು. ಪಂಚೆಯ ತುದಿಯಿಂದ ಒರೆಸಿಕೊಂಡರು.

ಮುಕ್ತಾ ಇಬ್ಬರನ್ನೂ ನೋಡಿದಳು. ಮಾವ ಬೇಡ ಅಂದಿಲ್ಲ. ಅಮ್ಮ ಬೇಡ ಅಂದಿಲ್ಲ. ಬ್ಯಾಂಕಿನವರೂ ಅಂದಿಲ್ಲ, ನರ್ಸಿಂಗ್ ಶಾಲೆಯವರೂ ಅಂದಿಲ್ಲ. ಅವಳ ಲೆಕ್ಕ ಕೂಡಲಿಲ್ಲ.

"ಹಾಗಾದ್ರೆ ಅಮ್ಮ," ಎಂದು ಕೇಳಿದಳು, "ನೋ ಅಂದಿದ್ದು ಯಾರು?"

ವನಜಾಕ್ಷಿಗೆ ಆಗಲೇ ಪಾಳಿಗೆ ತಡವಾಗಿತ್ತು. ಕಡುಬಿನ ಡಬ್ಬಿಯಿಂದ ಎರಡನ್ನು ಮಗಳ ಬುತ್ತಿಗೆ ಹಾಕಿ, ಮಂಜಯ್ಯನವರಿಗೆ ಒಂದು ಲೋಟ ನೀರು ಕೊಟ್ಟು, ಆಯಾಗಳು ಉಡುವ ನೀಲಿ ಅಂಚಿನ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಗೆ ಬಂದಳು.